ಹಾಲು ಉಕ್ಕುವುದರೊಳಗಿನ ಚದುರಂಗ

ಕಣ್ಣಿಗೆ ಪೊರೆ ಬಂದ ಮೇಲೆ ಅಪ್ಪ ಚದುರಂಗ ಬಿಡಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಎದುರಿನವರು ಏನು ನಡೆಸಿದರೆಂದು ನಾನು ಹೇಳಬೇಕು, ಅಪ್ಪ ಯೋಚಿಸಿ ಹೇಳಿದ್ದನ್ನು ನಾನೇ ನಡೆಸಬೇಕು. ಆಗ ನಾನಿನ್ನೂ ಕಾನ್ವೆಂಟಿನ ಹುಡುಗಿ.

ಎದುರಿನವರು ಯಾವಾಗಲೂ ಒಬ್ಬರೇ: ಲಷ್ಕರ್ ಮೊಹಲ್ಲಾದ ರಿಟೈರ್ಡ್ ಮೇಷ್ಟ್ರು, ಅಪ್ಪನ ಬಾಲ್ಯದ ಗೆಳೆಯರು. ಭಾನುವಾರ ನಾವು ಪೂಜೆ ಮುಗಿಸಿ ಚರ್ಚಿನಿಂದ ಬರುವಷ್ಟರಲ್ಲಿ ನಮ್ಮ ಜಗಲಿಯ ಮೇಲಿರುತ್ತಿದ್ದರು. ಅಪ್ಪ ಅವರನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಕಣ್ಣು ಪೂರ್ತಿ ಹೋಗುವ ಮೊದಲು ಒಂದೇ ಒಂದು ಸಲ ಗೆಲ್ಲಬೇಕೆಂಬ ಆಸೆ ಅವರಿಗೆ.

“ಕಾಯಿ ಮುಟ್ಟೋಕ್ ಮುಂಚೆ ಮನಸ್ಸಲ್ಲೇ ಒಂದು ಪರಲೋಕ ಮಂತ್ರ ಹೇಳ್ಕೊಳ್ಳಮ್ಮ. ಅಷ್ಟೊತ್ತಿಗೆ ಬುದ್ಧಿ ಬರುತ್ತೆ,” ಎನ್ನುತ್ತಿದ್ದರು ಅಪ್ಪ. ಅವರ ಪಕ್ಕ ಕೂತಾಗ ಹಾಗೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುಮಾಡಿ ಇಡೀ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದೆ.

ಅಡಿಗೆಮನೆಯಲ್ಲಿ ಮಾತ್ರ ಬೇರೆ ರಿಲಿಜನ್. ಅಲ್ಲಿ ನನ್ನ ಅಣ್ಣನ ಹೆಂಡತಿ ನೆಲದ ಮೇಲೆ ಇದ್ದಿಲಿನಲ್ಲಿ ಚದುರಂಗದ ಮನೆ ಬರೆದು, ಅಪ್ಪ ಮೂಲೆಗೆ ಹಾಕಿದ್ದ ಹಳೆಯ ಕಾಯಿಗಳನ್ನು ಹೂಡುತ್ತಿದ್ದರು. ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಆಟ ಮುಗಿಯಬೇಕು.

“ಬೇಗ ಇಡೇ! ಏನು, ಪಾದ್ರಿಗಳ ಪ್ರಸಂಗಾನೇ ಇದು?”

“ಒಂದು ಮಿನಿಟ್, ಅತ್ತಿಗೆ.”

“ನಿನ್ ಮಿನಿಟ್‌ಗೆ ಹಾಲೆಲ್ಲ ಒಲೆ ಪಾಲು ಕಣೇ!”

ಆ ಆಟದ ಥ್ರಿಲ್ ಏನು ಹೇಳಲಿ! ಕುದುರೆ ಎಲ್ಲಿಗೆ ನೆಗೆಯಬಹುದೆಂದು ಹುಡುಕುವ ಮೊದಲೇ ಕಣ್ಣಿಗೆ ಕಾಣತೊಡಗಿತು. ನಾನು ಇಂಪ್ರೂವ್ ಆಗಿದ್ದೇನೆಂದೇ ನಂಬಿದ್ದೆ. ಆದರೂ ಬೆರಳಿನ ಮಸಿ ತೊಳೆದುಕೊಂಡು ಅಪ್ಪನ ಪಕ್ಕ ಕೂತಾಗ ಕಾನ್ಸೆನ್ಸ್ ಚುಚ್ಚುತ್ತಿತ್ತು. ಅವರ ನಿಧಾನ ನನಗೆ ತಡೆಯಲಾಗದಷ್ಟು ಬೇಸರವಾಗತೊಡಗಿತ್ತು.

ಒಂದು ಭಾನುವಾರ ಮೇಷ್ಟ್ರು ಆನೆ ಸರಿಸಿದರು. ಹೇಳಿದೆ. ಅಪ್ಪ ಕಣ್ಣು ಮುಚ್ಚಿ ಯೋಚನೆಗೆ ಕೂತರು. ನನಗೆ ಕುದುರೆಯ ನೆಗೆತ ಕಂಡಿತು. ಅಪ್ಪ ಬಾಯಿ ಬಿಡುವ ಮೊದಲೇ ಕೈ ಹೋಯಿತು. “ಚೆಕ್!” ಎಂದೆ. ಮೇಷ್ಟ್ರು ಬೆಚ್ಚಿ, ಥಟ್ಟನೆ ರಾಜನನ್ನು ಮೂಲೆಗೆ ಸರಿಸಿದರು.

“ಏನಾಯ್ತು?” ಎಂದರು ಅಪ್ಪ.

“ಕುದುರೆ ಚೆಕ್ ಕೊಡ್ತು ಅಪ್ಪ. ರಾಜ ಮೂಲೇಗೆ ಹೋದ.”

ಅಪ್ಪ ಕಣ್ಣು ತೆರೆದರು. “ಮಂತ್ರೀನ ಅವನೆದುರಿಗೇ ಇಡು,” ಎಂದರು. ಆಟ ಮುಗಿದಿತ್ತು, ಅಪ್ಪ ಗೆದ್ದಿದ್ದರು.

ಅಪ್ಪ ಪಿಸುಗುಟ್ಟಿದ್ದನ್ನೇ ನಾನು ನಡೆಸಿದೆನೆಂದು ಮೇಷ್ಟ್ರು ತಿಳಿದರು. “ಏನಯ್ಯ, ಕಣ್ ಕಾಣ್ದೇನೇ ಕುದುರೆ ಏರ್‌ಬುಟ್ಟೆ!” ಎಂದು ನಕ್ಕರು. ಅಪ್ಪನೂ ನಕ್ಕರು. ನಾನು ಕಾಯಿಗಳನ್ನು ಡಬ್ಬಿಗೆ ತುಂಬಿದೆ. ಆ ವಾರವೆಲ್ಲ ಅಪ್ಪ ಗೋಡೆ ತಡವದೆ ನಡೆದಾಡಿದರು.

ಶನಿವಾರ ಸಂಜೆ ನನ್ನನ್ನು ಕರೆದರು. “ಅವತ್ತು ಅವನ ಒಂಟೆ ಎಲ್ಲಿತ್ತು?”

ಹೇಳಹೊರಟವಳು ಅರ್ಧಕ್ಕೇ ನಿಂತೆ. ಓರೆಯಾಗಿ ನಡೆಯುವ ಆ ಒಂಟೆಗೆ ನನ್ನ ಕುದುರೆ ನೇರ ತುತ್ತಾಗಿತ್ತು. ರಾಜನನ್ನು ಸರಿಸುವ ಅಗತ್ಯವೇ ಇರಲಿಲ್ಲ, ಕುದುರೆಯನ್ನು ಹೊಡೆದಿದ್ದರೆ ಸಾಕಿತ್ತು.

“ನೀನು ನೋಡ್ಲಿಲ್ಲ. ನೀನು ಓಡಿದ್ದಕ್ಕೆ ಅವನೂ ಓಡ್ದ, ಅವನೂ ನೋಡ್ಲಿಲ್ಲ,” ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು.

ಮರುದಿನ ಮೇಷ್ಟ್ರಿಗೆ ಎಲ್ಲವನ್ನೂ ತಾವೇ ಹೇಳಿ, ನನ್ನಿಂದ ಕಾಯಿಗಳನ್ನು ಆ ಕುದುರೆ ನೆಗೆಯುವುದಕ್ಕೆ ಹಿಂದಿನ ಸ್ಥಿತಿಗೇ ಇಡಿಸಿದರು.

“ಗೆದ್ದಿದ್ದು ಗೆದ್ದಂಗೇ ಇರ್ಲಿ ಬುಡಯ್ಯ,” ಎಂದರು ಮೇಷ್ಟ್ರು. “ಆ ಒಂಟೆ ನನ್ ಕಣ್ಣಿಗೂ ಬೀಳ್ಲಿಲ್ಲ. ನನಗೂ ಪೊರೆ ಬಂದೈತೇನೋ!”

“ಅದು ನನ್ ಆಟ ಅಲ್ಲ ಕಣಯ್ಯ,” ಎಂದರು ಅಪ್ಪ.

ಊಟದ ಹೊತ್ತು ಮೀರುವವರೆಗೆ ಆಡಿದರು. ಅಪ್ಪ ಹೇಳಿದ್ದನ್ನಷ್ಟೇ ನಡೆಸಿದೆ. ಅಪ್ಪ ಸೋತರು.

“ಬೇಗ ಆಡುವುದು ಒಳ್ಳೆಯದೇ ಅಜ್ಜಿ?” ಎಂದು ಈಗ ನನ್ನ ಮೊಮ್ಮಕ್ಕಳು ಕೇಳುತ್ತಾರೆ. ಕುದುರೆ ಕಾಣಿಸುತ್ತದೆ, ಒಂಟೆ ಕಾಣಿಸುವುದಿಲ್ಲ ಎನ್ನುತ್ತೇನೆ, ಅವರು ನಗುತ್ತಾರೆ. ಅಪ್ಪ ಮೇಷ್ಟ್ರನ್ನು ಮುಂದೆಯೂ ಎಂದೂ ಗೆಲ್ಲಲಿಲ್ಲ. ಗೆದ್ದವರಂತೆ ಅವರು ನಡೆದಾಡಿದ್ದು ಆ ಒಂದು ವಾರ ಮಾತ್ರ. ಅದನ್ನು ಕೊಟ್ಟವಳೂ ಕಿತ್ತುಕೊಂಡವಳೂ ನಾನೇ.