ಕ್ರೇನ್ ಮಾವ ಮತ್ತು ಓಡುವ ಗಡಿಯಾರ

ನನ್ನ ಮಾವನವರ ಕತ್ತು ಸದಾ ಮುಂದಕ್ಕೆ ಬಾಗಿ, ಕೊಂಚ ಬಲಕ್ಕೆ ವಾಲಿಕೊಂಡಿರುತ್ತಿತ್ತು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಓಡಿಸಿದವರು. ಸೂರಿನಡಿಯ ಕ್ಯಾಬಿನ್ನಿನಲ್ಲಿ ಕೂತು ಮೂವತ್ತು ವರ್ಷ ಕೆಳಗೇ ನೋಡಿದ ಕತ್ತು, ನಿವೃತ್ತಿಯಾದ ಮೇಲೂ ನೆಟ್ಟಗಾಗಲಿಲ್ಲ. ಮದುವೆಯಾಗಿ ವಿದ್ಯಾನಗರದ ಮನೆಗೆ ಬಂದ ಹೊಸದರಲ್ಲಿ, ಇವರು ನನ್ನ ಕಾಲನ್ನೇ ಯಾಕಪ್ಪಾ ನೋಡುತ್ತಾರೆ ಎಂದು ಮುಜುಗರಪಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಓದಿದ್ದು ಎಸ್ಸೆಸ್ಸೆಲ್ಸಿ, ಹುಚ್ಚು ಮಾತ್ರ ಸಾಪೇಕ್ಷತಾ ಸಿದ್ಧಾಂತದ್ದು. ಅದರ ಮೇಲಿನ ಒಂದು ಹಳೆಯ ಕನ್ನಡ ಪುಸ್ತಕ ಊಟದ ತಟ್ಟೆಯ ಪಕ್ಕದಲ್ಲೂ ಇರಬೇಕು. ನನಗೆ ಮೊದಲ ಪಾಠವಾದದ್ದು ಅಡುಗೆಮನೆಯಲ್ಲಿ.

"ನೋಡಮ್ಮ, ಕ್ರೇನ್ ಒಂದೇ ಸಮ ಹೋಗ್ತಿರುವಾಗ ಕ್ಯಾಬಿನ್ನಿಂದ ಒಂದು ಬೋಲ್ಟ್ ಬಿತ್ತು ಅನ್ಕೋ. ನನ್ನ ಕಣ್ಣಿಗೆ ಅದು ನೆಟ್ಟಗೆ ಕೆಳಗೆ ಬೀಳುತ್ತೆ. ಕೆಳಗೆ ನಿಂತವನ ಕಣ್ಣಿಗೆ ಮುಂದಕ್ಕೆ ಬಾಗಿ ಬೀಳುತ್ತೆ. ಯಾರು ಸರಿ?"

"ನೀವೇ ಸರಿ ಮಾವ," ಅಂದೆ. ಒಗ್ಗರಣೆ ಸೀಯುತ್ತಿತ್ತು.

"ಇಬ್ರೂ ಸರಿ ಮಾರಾಯ್ತಿ!"

ಪ್ರತಿ ಗುರುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಕಾರ್ಖಾನೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಹಳೆಯ ಜೊತೆಗಾರರಿಗೂ ಪಾಠ ಹೇಳುತ್ತಿದ್ದರು. ಓಡುವ ಗಡಿಯಾರ, ಅಂದರೆ ಓಡುವ ವಾಹನದೊಳಗಿನ ಗಡಿಯಾರ, ನಿಧಾನವಾಗುತ್ತದೆ ಎಂದಾಗ ಅವರು ಕಾರಣ ಕೇಳಿದರಂತೆ. "ನಮ್ಮ ಕ್ಯಾಬಿನ್ ಗಡಿಯಾರ ದಿನಾ ಹಿಂದೆ ಬೀಳ್ತಿರಲಿಲ್ವಾ? ಅಲುಗಾಟಕ್ಕೆ ಒಳಗಿನ ಚಕ್ರ ತಡವರಿಸುತ್ತೆ, ಅಷ್ಟೆ." ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಅಂದಿನಿಂದ ಆ ಅಂಗಡಿಯಲ್ಲಿ ಇವರು 'ಮೇಷ್ಟ್ರು' ಆದರು. ಆ ಹೆಸರು ಅವರಿಗೆ ಪಿಂಚಣಿಗಿಂತ ದೊಡ್ಡದಾಗಿತ್ತು.

ಕಣ್ಣಿಗೆ ಪೊರೆ ಬಂದ ಮೇಲೆ ನಾನೇ ಓದಿ ಹೇಳತೊಡಗಿದೆ. ಒಂದು ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೀಗೊಂದು ಮಾತು ಬಂತು: ಓಡುವ ಗಡಿಯಾರದಲ್ಲಿ ದೋಷವೇನೂ ಇಲ್ಲ, ಅದರ ಜೊತೆ ಓಡುವವನಿಗೆ ಅದು ಸರಿಯಾಗಿಯೇ ಇರುತ್ತದೆ, ನಿಂತು ನೋಡುವವನ ಲೆಕ್ಕಕ್ಕೆ ಅಲ್ಲಿನ ಕಾಲವೇ ನಿಧಾನ.

"ಇನ್ನೊಂದ್ಸಲ ಓದು."

ಓದಿದೆ. ಅನ್ನ ಕಲಸುತ್ತಿದ್ದ ಕೈ ನಿಂತಿತು. "ಅಲುಗಾಟ ಅಲ್ವೇ ಅಲ್ಲ! ಎಲ್ರಿಗೂ ತಪ್ಪು ಹೇಳ್ಬಿಟ್ನಲ್ಲಮ್ಮ."

"ಬಿಡಿ ಮಾವ, ಯಾರಿಗೆ ನೆನಪಿರುತ್ತೆ? ಹೇಳಿದ್ರೆ ಮೇಷ್ಟ್ರು ಅಂದೋರೇ ನಗ್ತಾರೆ."

"ನಗ್ಲಿ. ತಪ್ಪು ಜಾಗದಲ್ಲಿ ಭಾರ ಇಳಿಸಿದ್ರೆ, ಅದನ್ನ ಎತ್ತಬೇಕಾದೋನೂ ಕ್ರೇನಿನೋನೇ."

ಮರುದಿನವೇ ಹೊರಟರು. ಕಣ್ಣು ಕಾಣದವರನ್ನು ಒಬ್ಬರನ್ನೇ ಕಳಿಸುವುದುಂಟೇ, ನಾನೂ ಹೋದೆ. ಟೀ ಅಂಗಡಿಯಲ್ಲಿ ನಕ್ಕೇ ನಕ್ಕರು. "ಏನ್ ಮೇಷ್ಟ್ರೇ, ಸಿದ್ಧಾಂತಾನೂ ರಿಪೇರಿಗೆ ಬಂತಾ?" ಎಂದರೊಬ್ಬರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇವರು ಮಾತ್ರ ನಗು ಮುಗಿಯುವವರೆಗೆ ಕಾದು, ಬೋಲ್ಟಿನಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಹೇಳಿದರು. ಆ ಗುಂಪಿನ ಒಬ್ಬರು ಆಯನೂರಿಗೆ ಹೋಗಿ ನೆಲೆಸಿದ್ದರು. ಅಂದೇ ಅಲ್ಲಿಗೂ ನಮ್ಮ ಸವಾರಿ.

"ಇಷ್ಟಕ್ಕೆ ಬಸ್ ಹತ್ಕೊಂಡು ಬಂದ್ಯೇನೋ ಮಾರಾಯ?"

"ಮೊಮ್ಮಗಳಿಗೂ ಹೇಳಿಕೊಟ್ಟೆ ಅಂದಿದ್ಯಲ್ಲ, ಕರಿ ಅವಳನ್ನ."

ಹೈಸ್ಕೂಲಿನ ಆ ಹುಡುಗಿಯ ಮುಂದೆ, "ನಿಮ್ಮಜ್ಜ ಹೇಳಿದ್ದು ತಪ್ಪು ಪುಟ್ಟಿ. ಅವನಿಗೆ ತಪ್ಪು ಹೇಳಿಕೊಟ್ಟೋನು ನಾನು," ಎಂದರು. ವಾಪಸಾಗುವಾಗ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದೆ. ಬೆಳಿಗ್ಗೆ ನಾಚಿಕೊಂಡದ್ದಕ್ಕೆ ನಾಚಿಕೆಯಾಯಿತು. ಈ ಮನುಷ್ಯನ ಸೊಸೆ ನಾನು ಎಂದು ಇಡೀ ಬಸ್ಸಿಗೆ ಕೂಗಿ ಹೇಳಬೇಕೆನಿಸಿತು.

ಕಳೆದ ವರ್ಷ ಆಸ್ಪತ್ರೆಯಲ್ಲಿ, ಉಸಿರಿಗೆ ಕಷ್ಟಪಡುತ್ತಲೇ ಕೇಳಿದರು: "ಯಾರು ಎಷ್ಟೇ ಓಡ್ಲಿ, ಬೆಳಕು ಮಾತ್ರ ಎಲ್ರಿಗೂ ಒಂದೇ ವೇಗ ಅಂತಾರಲ್ಲ. ಅದೊಂದು ನನ್ನ ತಲೆಗೆ ಹೋಗ್ಲೇ ಇಲ್ಲ. ನಿನಗೆ ಗೊತ್ತಾಯ್ತಾ?"

ಹೋಗುವ ಜೀವಕ್ಕೆ ಸಮಾಧಾನವಾಗಲಿ ಎಂದು 'ಹೂಂ' ಅನ್ನಬಹುದಿತ್ತು.

"ಗೊತ್ತಾಗಿಲ್ಲ ಮಾವ," ಅಂದೆ.

ದಿಂಬಿನ ಮೇಲೆ ಆ ವಾಲಿದ ಕತ್ತು ಮೆಲ್ಲಗೆ ನನ್ನ ಕಡೆ ತಿರುಗಿತು. "ಭೇಷ್. ಹಾಗಾದ್ರೆ ಓದು."

ಮೂರನೆಯ ದಿನ ಹೋಗಿಬಿಟ್ಟರು. ಪುಸ್ತಕ ಈಗ ನನ್ನ ತಟ್ಟೆಯ ಪಕ್ಕದಲ್ಲಿದೆ. ಓದುತ್ತಿದ್ದೇನೆ. ಇನ್ನೂ ಗೊತ್ತಾಗಿಲ್ಲ ಎಂದು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.