ನರಸಪ್ಪ ಮಣಿ ಒಣಗಿಸಿದ್ದು

ಚಿಕ್ಕಬಾಣಾವರದ ನರಸಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಆರು ವರ್ಷದಿಂದ ದಿನಗೂಲಿಗೆ ಮುಚ್ಚಿದ ಡ್ರಮ್ಮು ಹೊರುತ್ತಿದ್ದ. ಅವನಿಗೆ ಬೇಕಿದ್ದದ್ದು ಒಂದೇ, ಕೆಲಸ ಕಾಯಂ ಆದ ಕಾಗದ. ಅದಕ್ಕೆ ಶಿಫಾರಸು ಮಾಡಬೇಕಾದ ಕೆಮಿಸ್ಟ್ ಸುಬ್ರಹ್ಮಣ್ಯ 'ನೋಡೋಣ' ಅನ್ನುವುದರಲ್ಲಿ ಎತ್ತಿದ ಕೈ.

ಡ್ರಮ್ಮಿನೊಳಗೆ ಇರುತ್ತಿದ್ದದ್ದು ಅಲ್ಲೇ ತಯಾರಾಗುವ, ಸಾಸಿವೆಯಂಥ ರಾಳದ ಮಣಿಗಳು. ಯುರೇನಿಯಂ ಕರಗಿದ ಆಮ್ಲವನ್ನು ಅವುಗಳ ಮೇಲೆ ಹರಿಸಿದರೆ ಯುರೇನಿಯಂ ಮಣಿಗೆ ಅಂಟಿಕೊಂಡು ಉಳಿದದ್ದು ಇಳಿದುಹೋಗುತ್ತಿತ್ತು; ಆಮೇಲೆ ಉಪ್ಪುನೀರು ಬಿಟ್ಟರೆ ಅಂಟಿದ್ದು ಕೈಗೆ ಬರುತ್ತಿತ್ತು. ೧೯೭೯ರಲ್ಲಿ ದೂರದ ಗಣಿಯೊಂದು ಈ ಮಣಿಗಳನ್ನು ಪರೀಕ್ಷಿಸಲೆಂದು ಅಂಥ ಆಮ್ಲ ಒಂದು ಕ್ಯಾನು ಕಳಿಸಿದಾಗ, ಮಣಿಗಳನ್ನು ಸಿದ್ಧಮಾಡುವ ಜವಾಬ್ದಾರಿ ಮೊದಲ ಸಲ ನರಸಪ್ಪನಿಗೆ ಸಿಕ್ಕಿತು.

ಭಾನುವಾರ ಮುಚ್ಚಳ ತೆಗೆದರೆ ಮಣಿಗಳೆಲ್ಲ ಒದ್ದೆ. ರಾಗಿಯನ್ನು ಒಣಗಿಸದೆ ಯಾವತ್ತೂ ತುಂಬಿಡದ ಮನೆಯವನು ಸುಮ್ಮನಿರುತ್ತಾನೆಯೇ? ತಾರ್ಪಾಲಿನ ಮೇಲೆ ಹರವಿ, ಕಾಲಲ್ಲಿ ತಿರುವಿ, ಸಂಜೆಗೆ ಗಲಗಲ ಅನ್ನುವಂತೆ ತುಂಬಿಟ್ಟ. ಸೋಮವಾರ ಹೇಳಿಕೊಟ್ಟಂತೆ ಗಾಜಿನ ಕೊಳವೆಗೆ ಮಣಿ ಸುರಿದು ನೀರು ಬಿಟ್ಟ. ಒಳಗೆ ಚಟಪಟ ಸದ್ದಾಯಿತು. ಒಳ್ಳೆಯ ಮಾಲು ಹೀಗೇ ಇರಬೇಕೆಂದುಕೊಂಡ.

ಸುಬ್ರಹ್ಮಣ್ಯ ಬಂದು ಆಮ್ಲ ಬಿಟ್ಟರೆ ಒಂದು ಹನಿಯೂ ಇಳಿಯಲಿಲ್ಲ. ಮಣಿಗಳು ಒಡೆದು ನುಚ್ಚಾಗಿ ಕೊಳವೆ ಕಟ್ಟಿಕೊಂಡಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಆ ಮಹಾನುಭಾವ 'ನಿಮ್ಮ ಆಮ್ಲ ಅತಿ ತೀಕ್ಷ್ಣ' ಎಂದು ಗಣಿಗೆ ಒಂಬತ್ತು ಪುಟ ಬರೆದ. ಗಣಿಯವರು ಕ್ಷಮೆ ಕೇಳಿ, ನೀರು ಬೆರೆಸಿ ಕಳಿಸಿದರು. ಈ ಸಲ ಹೊಸ ಡ್ರಮ್ಮಿನ ಮಣಿಗಳು ಯುರೇನಿಯಮ್ಮನ್ನು ಚೆನ್ನಾಗಿಯೇ ಹಿಡಿದವು. ಮಾಲೀಕರು ಸುಬ್ರಹ್ಮಣ್ಯನಿಗೆ ಹಾರ ಹಾಕಿದರು.

ನರಸಪ್ಪನಿಗೆ ಮಾತ್ರ ಮನಸ್ಸು ಚುಚ್ಚುತ್ತಿತ್ತು. ಕೈಕಟ್ಟಿ ನಿಂತು ಹೇಳಿದ, "ಸಾ, ತೆಪ್ಪಾಯ್ತು. ಈ ಕಿತ ಮೋಡ ಇತ್ತು, ಮಣಿ ಒಣಗ್ಸಕ್ಕೆ ಆಗ್ನಿಲ್ಲ. ಓದ್ ಕಿತ ಸಂದಾಕಿ ಒಣಗ್ಸಿದ್ದೆ."

ಸುಬ್ರಹ್ಮಣ್ಯ ಎದ್ದು ಬಾಗಿಲು ಹಾಕಿದ. "ಒಣಗಿದ ಮಣಿಗೆ ನೀರು ಬಿದ್ರೆ ಒಡೆದುಹೋಗುತ್ತೆ ಕಣಯ್ಯಾ! ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾ. ಈಗ್ಲೇ ಓಗಿ ಓನರ್ಗೆ ತೆಪ್ಪು ನಂದೇ ಅಂತ ಏಳ್ಬುಡ್ತೀನಿ."

"ಬೇಡ! ಬೇಡ ಕಣಪ್ಪಾ, ಕೂತ್ಕೋ," ಎಂದು ಸುಬ್ರಹ್ಮಣ್ಯ ತಾನೇ ಕುರ್ಚಿ ಎಳೆದುಕೊಟ್ಟ.

ಆ ಶನಿವಾರವೇ ಕಾಯಂ ಕಾಗದ ಕೈಗೆ ಬಂತು. ಆರು ವರ್ಷ ಕನಸಿನಲ್ಲಿ ಕಂಡ ಕಾಗದವನ್ನು ನರಸಪ್ಪ ಕಳ್ಳಮಾಲಿನಂತೆ ಮಡಚಿ ಮನೆಗೆ ತಂದ. ಹೆಂಡತಿ ಅಂಜನಮ್ಮ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದಳು.

"ಅದೇನ್ ಕೆಲ್ಸ ಮಾಡಿದ್ಕೆ ಕೊಟ್ರು?"

"ಬಾಯ್ ಮುಚ್ಕೊಂಡಿದ್ದಕ್ಕೆ," ಎಂದ ನರಸಪ್ಪ.