ಕಂಬ ಬಂದಾಗ ಬಿಡಬೇಕಾದ ಕಟ್ಟು

ಈ ಮಾತನ್ನು ಬರೆಯಬೇಕೆಂದು ಎಷ್ಟೋ ಸಲ ಪೆನ್ನು ಹಿಡಿದು, ಶಾಯಿ ಸರಿಯಿಲ್ಲವೆಂದು ಎತ್ತಿಟ್ಟಿದ್ದೇನೆ. ಶಾಯಿ ಸರಿಯಾಗಿಯೇ ಇತ್ತು.

ತೊಂಬತ್ತರ ದಶಕದಲ್ಲಿ ನಾನು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಗಿನ ಟ್ರಿಪ್ಪಿನಲ್ಲಿ ದಾರಿಯ ಅಂಗಡಿಗಳಿಗೆ ಪೇಪರ್ ಕಟ್ಟು ಹಾಕುವುದೂ ನನ್ನದೇ ಕೆಲಸ. ಬಸ್ಸು ನಿಲ್ಲುವುದಿಲ್ಲ, ಡ್ರೈವರು ನಿಧಾನ ಮಾಡುತ್ತಾನೆ, ನಾನು ಬಾಗಿಲಿಂದ ಎಸೆಯುತ್ತೇನೆ. ಅಂಗಡಿ ಎದುರಿಗೆ ಬಂದಾಗ ಕೈಬಿಟ್ಟರೆ ಕೆಟ್ಟಿತು, ಕಟ್ಟು ಬಸ್ಸಿನ ಓಟವನ್ನೂ ಹೊತ್ತುಕೊಂಡೇ ಇಳಿಯುತ್ತದೆ. ಹತ್ತು ಅಡಿ ಮುಂಚೆ, ಲೈಟು ಕಂಬ ಬಂದಾಗಲೇ ಬಿಡಬೇಕು. ಹೈಸ್ಕೂಲಿನಲ್ಲಿ ಮೇಷ್ಟ್ರು ಒಂದು ಸೀಮೆಸುಣ್ಣವನ್ನು ಸುಮ್ಮನೆ ಬಿಟ್ಟು, ಅದೇ ಗಳಿಗೆಗೆ ಇನ್ನೊಂದನ್ನು ಅಡ್ಡಕ್ಕೆ ಚಿಮ್ಮಿದ್ದರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಜೋರಾಗಿ ಹೋದದ್ದು ದೂರ ಬೀಳುತ್ತದೆ, ತಡವಾಗಿ ಬೀಳುವುದಿಲ್ಲ. ಆ ಬಸ್ಸಿನ ಸಿಬ್ಬಂದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ ಎಂಬ ಜಂಬವೂ ಇತ್ತೆನ್ನಿ.

ಒಂದು ದಿನ ಮುಂದಿನ ಸೀಟಿನವರಿಗೆ ತಮಾಷೆ ಹೇಳುತ್ತ ಕಂಬ ದಾಟಿದ್ದನ್ನು ನೋಡಲಿಲ್ಲ. ಗಾಬರಿಯಲ್ಲಿ ಅಂಗಡಿಯ ಎದುರಿಗೇ ಎಸೆದೆ. ಕಟ್ಟು ಹತ್ತು ಅಡಿ ಆಚೆ, ಹೋಟೆಲಿನ ಬೋಂಡದ ಬಾಣಲೆಗೆ ಬಿತ್ತು. ಕಾದ ಎಣ್ಣೆ ಹೋಟೆಲಿನಾಕೆಯ ಮೊಳಕೈವರೆಗೂ ಎರಚಿತು.

ಸಂಜೆ ಬಸ್ಸಿನ ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು.

"ನಾನು ಸ್ಲೋ ಮಾಡಿದ್ದೆ ಸಾ," ಎಂದ ಡ್ರೈವರು. "ಇವನ್ನೇ ಕೇಳಿ. ಓದ್ಕೊಂಡೋನು, ಸುಳ್ಳೇಳಾಕಿಲ್ಲ."

"ಎಲ್ಲಿ ಸ್ಲೋ ಮಾಡ್ದೆ ಕಣ್ಲಾ? ಗಾಳಿ ನುಗ್ದಂಗೆ ನುಗ್ಸಿದೆ," ಎಂದೆ ನಾನು. "ಆ ಸ್ಪೀಡಿಗೇ ಸಾ, ಕಟ್ಟು ಅಲ್ಲಿಗಂಟ ಓಗಿದ್ದು."

ನಾಳೆಯಿಂದ ಬರಬೇಡವೆಂದು ಮಾಲೀಕರು ಅವನಿಗೆ ಹೇಳಿದರು. ಅವನು ನನ್ನ ಮುಖ ನೋಡಿದ, ಬಸ್ಸಿನ ಕೀ ಮೇಜಿನ ಮೇಲಿಟ್ಟು ಹೋದ.

ನನಗೆ ಲೆಕ್ಕ ಗೊತ್ತಿತ್ತು. ಆ ಎತ್ತರದಿಂದ ಬೀಳಲು ಸುಮಾರು ಅರ್ಧ ಸೆಕೆಂಡು. ಅಷ್ಟರಲ್ಲಿ ಹತ್ತೇ ಅಡಿ ಹೋಗಿದೆಯೆಂದರೆ ಬಸ್ಸು ಸೈಕಲ್ಲಿನ ವೇಗದಲ್ಲಿತ್ತು. ಅವನು ನಿಜವಾಗಿ ನುಗ್ಗಿಸಿದ್ದರೆ ಕಟ್ಟು ಬಾಣಲೆ ದಾಟಿ ಚರಂಡಿಗೆ ಬೀಳುತ್ತಿತ್ತು, ಯಾರ ಕೈಯೂ ಸುಡುತ್ತಿರಲಿಲ್ಲ. ಬಾಣಲೆಯೇ ಅವನ ಪರ ಸಾಕ್ಷಿ ಹೇಳುತ್ತಿತ್ತು. ಅದರ ಭಾಷೆ ಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ.

ಎಷ್ಟು ಜೋರಾಗಿ ಎಸೆದರೂ ಬೀಳುವ ಹೊತ್ತು ಮುಂದಕ್ಕೆ ಹೋಗುವುದಿಲ್ಲ. ನನ್ನ ಸುಳ್ಳೂ ಆ ಸಂಜೆಯೇ ನನ್ನ ಮೇಲೆ ಬಿದ್ದಿತ್ತು. ಮೂವತ್ತು ವರ್ಷ ಅದು ಇನ್ನೂ ಗಾಳಿಯಲ್ಲಿದೆ ಎಂದು ನಟಿಸಿದೆ.

ಈಗ ಬಸ್ಸು ಹತ್ತಲು ನನಗೆ ಇನ್ನೊಬ್ಬರ ಕೈ ಬೇಕು. ಆದರೂ ನಾಳೆ ಮೊದಲ ಬಸ್ಸಿಗೆ ಹತ್ತುತ್ತೇನೆ. ಮೊದಲು ಹಾಸನದಲ್ಲಿ ಮಾಲೀಕರ ಮನೆ. ಆಮೇಲೆ ಚನ್ನರಾಯಪಟ್ಟಣ, ಅವನು ಅಲ್ಲಿ ಟ್ರಾಕ್ಟರ್ ಓಡಿಸಿಕೊಂಡಿದ್ದಾನಂತೆ. ಬೈದರೆ ಬೈಯಲಿ, ಬಾಗಿಲು ಹಾಕಿದರೆ ಜಗಲಿಯಲ್ಲಿ ಕೂರುತ್ತೇನೆ.

ಇಷ್ಟು ಹೊತ್ತೂ ಡ್ರೈವರು, ಡ್ರೈವರು ಎಂದೇ ಬರೆದೆ, ಗಮನಿಸಿದಿರಾ? ಇಲ್ಲೂ ಕಂಬ ದಾಟಿಸಿಬಿಡುತ್ತಿದ್ದೆ. ಅವನ ಹೆಸರು ಪುಟ್ಟಸ್ವಾಮಿ.